ಓದಿಸಿಕೊಳ್ಳುವ ಸೀಮೆಗೆ ಲಿನಕ್ಸ್ ಬಂದ ಬಗೆ

ಕಚೇರಿಯಿಂದ ಬಂದ ಕಾಗದ ತನ್ನ ಹೆಸರಿಗೇ ಇದ್ದರೂ ಅದನ್ನು ಇನ್ನೊಬ್ಬರ ಕೈಲಿ ಓದಿಸಿಕೊಳ್ಳಬೇಕು. ಯಾದಗಿರಿ, ಶಹಾಪುರ, ಸುರಪುರದ ಹಿರಿಯರು ಈ ಕಷ್ಟವನ್ನು ತಲೆಮಾರುಗಟ್ಟಲೆ ಉಂಡವರು. 1857-58ರಲ್ಲಿ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದು ಸೋತ ಮೇಲೆ ಸುರಪುರ ಸಂಸ್ಥಾನವೂ ಹೈದರಾಬಾದಿನ ನಿಜಾಮನ ಪಾಲಾಯಿತು. ಹೈದರಾಬಾದ್ ರಾಜ್ಯದ ಕಚೇರಿ ಭಾಷೆ 1884ರವರೆಗೆ ಫಾರಸಿ, ಆಮೇಲೆ ಉರ್ದು. ಉಳುವವರ ಮಾತು ಕನ್ನಡ, ಆಳುವವರ ಬರಹ ಉರ್ದು.

ನಮ್ಮಪ್ಪ ಉರ್ದು ಮಾಧ್ಯಮದಲ್ಲಿ ಓದಿ ಸುರಪುರದಲ್ಲಿ ಮಾಸ್ತರಿಕೆ ಮಾಡಿದವರು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು, 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಆಡಳಿತ ಬದಲಾದರೂ ಪೆಟ್ಟಿಗೆಯೊಳಗಿನ ಹಳೆಯ ಕಾಗದಗಳು ಹಾಗೇ ಉಳಿದವು. ನಾನು ಸಣ್ಣವಳಿದ್ದಾಗಲೂ ಹಳ್ಳಿಯಿಂದ ಬಂದವರು ನಮ್ಮ ಮನೆಯ ಕಟ್ಟೆ ಮೇಲೆ ಕೂತು, ನಾಲ್ಕು ಮಡಿಕೆ ಮಾಡಿದ ಕಾಗದ ಬಿಚ್ಚಿ, “ಮಾಸ್ತರ್ರ, ಇದರಾಗ ನಮ್ಮ ಹೆಸರ ಅದ ಏನ್ರಿ, ನೋಡ್ರಿ” ಎನ್ನುತ್ತಿದ್ದರು. ಅಪ್ಪ ಓದಿ ಹೇಳುತ್ತಿದ್ದರು. ಅಪ್ಪನಂಥವರು ಸಿಗದಿದ್ದರೆ ದಲ್ಲಾಳಿಗೆ ದುಡ್ಡು ಕೊಟ್ಟು, ಅವನು ಹೇಳಿದ್ದನ್ನೇ ನಂಬಬೇಕಿತ್ತು.

ಅದೇ ಹೈದರಾಬಾದಿನಲ್ಲಿ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತು. ಅದಕ್ಕೆ ಮುಂಚೆಯೇ ಅನುವಾದಕ್ಕೆಂದು ಒಂದು ಸಂಸ್ಥೆಯನ್ನು ಕಟ್ಟಿ ಗಣಿತ, ವಿಜ್ಞಾನದ ಪುಸ್ತಕಗಳನ್ನು ಉರ್ದುವಿಗೆ ತರಿಸಿದ್ದರು. ನಮ್ಮ ದೇಶದ ಭಾಷೆಯೊಂದರಲ್ಲಿ ಮೇಲಿನ ವಿದ್ಯೆ ಕಲಿಸಬಹುದೆಂದು ತೋರಿಸಿಕೊಟ್ಟ ಆ ರಾಜ್ಯ, ಕನ್ನಡಕ್ಕೆ ಅಂಥ ಕೆಲಸ ಮಾಡಲಿಲ್ಲ. ಯಾವ ಭಾಷೆಗೆ ಕೂತು ಕೆಲಸ ಮಾಡುವವರಿರುತ್ತಾರೋ ಆ ಭಾಷೆಗೆ ವಿದ್ಯೆ ಬರುತ್ತದೆ ಎನ್ನುವುದನ್ನು ನಾನು ಈ ಇತಿಹಾಸದಿಂದ ಕಲಿತೆ.

ಕಂಪ್ಯೂಟರ್ ನಮ್ಮ ಊರುಗಳಿಗೆ ಬಂದಾಗ ಓದಿಸಿಕೊಳ್ಳುವ ಆ ಕಷ್ಟ ಇನ್ನೊಂದು ರೂಪದಲ್ಲಿ ಮತ್ತೆ ಬಂತು. ಪರದೆಯ ಮೇಲಿದ್ದದ್ದು ಇಂಗ್ಲಿಷು. ಯಂತ್ರವನ್ನು ನಡೆಸುವ ವ್ಯವಸ್ಥೆ, ಕೊಂಡವರಿಗೂ ಪೂರ್ತಿ ತಮ್ಮದಲ್ಲ. ನೆರೆಯವರಿಗೆ ಒಂದು ಪ್ರತಿ ಕೊಟ್ಟರೆ ಅಪರಾಧ. ಇದಕ್ಕೆ ಎದುರಾಗಿ ಯಾರು ಬೇಕಾದರೂ ಬಳಸಬಹುದಾದ, ಹಂಚಬಹುದಾದ, ತಿದ್ದಬಹುದಾದ ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆ ನಮ್ಮಂಥ ಊರಿನ ಸಾಮಾನ್ಯರ ಕೈಗೆ ಹೇಗೆ ಬಂತು, ಎಲ್ಲಿ ತಡವರಿಸಿತು ಎನ್ನುವುದನ್ನು ಬರೆದಿಡಬೇಕೆಂದು ಬಹಳ ದಿನದಿಂದ ನನಗೆ ಅನ್ನಿಸುತ್ತಿತ್ತು. ನಾನು ಶಹಾಪುರ ಮತ್ತು ಯಾದಗಿರಿ ತಾಲ್ಲೂಕುಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ನನ್ನ ತಮ್ಮ ಸುರಪುರದಲ್ಲಿ ಡಿಟಿಪಿ ಅಂಗಡಿ ನಡೆಸಿದವನು. ಶಾಲೆಯ ಕೋಣೆ, ತಮ್ಮನ ಅಂಗಡಿ ಎರಡನ್ನೂ ಹತ್ತಿರದಿಂದ ಕಂಡಿದ್ದೇನೆ.

ನಮ್ಮ ರೈತರು ಮೊದಲು ನಿಂತು ನೋಡಿದ ಕಂಪ್ಯೂಟರ್ ಪರದೆ ತಾಲ್ಲೂಕು ಕಚೇರಿಯ ‘ಭೂಮಿ’ ಕೇಂದ್ರದ್ದು. 2000ದ ಆಚೀಚೆ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, 177 ತಾಲ್ಲೂಕುಗಳಲ್ಲಿ ಕೇಂದ್ರ ತೆರೆದರು. ಹದಿನೈದು ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಕೇಂದ್ರದಲ್ಲಿ ಎರಡು ಪರದೆ ಇಡುವ ಏರ್ಪಾಡಿತ್ತು: ಒಂದು ಕೆಲಸ ಮಾಡುವವರಿಗೆ, ಇನ್ನೊಂದು ಹೊರಗೆ ನಿಂತ ರೈತನಿಗೆ. ತನ್ನ ಸರ್ವೆ ನಂಬರು, ತನ್ನ ಹೆಸರು ಕನ್ನಡದಲ್ಲಿ ಮೂಡುವುದನ್ನು ಆತ ಕಣ್ಣಾರೆ ನೋಡಬಹುದಿತ್ತು. ಲಿನಕ್ಸಿಗೂ ಆ ಪರದೆಗೂ ಸಂಬಂಧವಿರಲಿಲ್ಲ. ಆದರೆ ಕಂಪ್ಯೂಟರಿನಲ್ಲಿ ಕನ್ನಡ ಬರುತ್ತದೆ, ಅದು ತಮಗೂ ಅರ್ಥವಾಗುತ್ತದೆ ಎಂಬ ನಂಬಿಕೆ ನಮ್ಮ ಜನಕ್ಕೆ ಹುಟ್ಟಿದ್ದು ಆ ಕಿಟಕಿಯ ಮುಂದೆ.

ಖಾಸಗಿಯಾಗಿ ಕಂಪ್ಯೂಟರ್ ತಂದವರು ಡಿಟಿಪಿಯವರು. ಸಿಕಂದರಾಬಾದಿನ ಸಿಟಿಸಿ ಬಜಾರಿನಲ್ಲಿ ಬಿಡಿಭಾಗ ಕೊಂಡು, ಅಲ್ಲೇ ಜೋಡಿಸಿಕೊಂಡು, ರೈಲಿನಲ್ಲಿ ತರುತ್ತಿದ್ದರು. ಯಂತ್ರದ ಜತೆಗೆ ಅಂಗಡಿಯವನು ವಿಂಡೋಸ್ ಹಾಕಿ ಕೊಡುತ್ತಿದ್ದ. ಅದು ಕಳ್ಳಪ್ರತಿ ಎಂದು ಯಾರೂ ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಿರಲಿಲ್ಲ. ಅದರ ಮೇಲೆ ಪುಟ ವಿನ್ಯಾಸಕ್ಕೆ ಪೇಜ್‌ಮೇಕರ್, ಚಿತ್ರಕ್ಕೆ ಕೋರೆಲ್ ಡ್ರಾ, ಕನ್ನಡ ಅಕ್ಷರಕ್ಕೆ ಶ್ರೀಲಿಪಿ. ಮದುವೆ ಕಾರ್ಡು, ತಿಂಥಣಿ ಮೌನೇಶ್ವರ ಜಾತ್ರೆಯ ಕರಪತ್ರ, ಚುನಾವಣೆ ಹ್ಯಾಂಡ್‌ಬಿಲ್ಲು, ಹತ್ತಿ ಬೀಜದಂಗಡಿಯ ರಸೀದಿ ಪುಸ್ತಕ, ಎಲ್ಲವೂ ತಮ್ಮನ ಒಂದೇ ಯಂತ್ರದಲ್ಲಿ ಆಗುತ್ತಿದ್ದವು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದು ಕನ್ನಡ ಟೈಪಿಂಗ್ ಪುಕ್ಕಟೆಯಾಯಿತು. ಇದು ಸಣ್ಣ ಉಪಕಾರವಲ್ಲ. ಬಸ್ ನಿಲ್ದಾಣದ ಪಕ್ಕದ ಟೈಪಿಂಗ್ ಅಂಗಡಿಗಳು ಇವತ್ತಿಗೂ ಅದರ ಮೇಲೆ ಬದುಕುತ್ತಿವೆ.

ಆ ಕಾಲದ ಕನ್ನಡ ತಂತ್ರಾಂಶಗಳ ಒಳಗೆ ಒಂದು ಕೊರತೆ ಇತ್ತು. ಕನ್ನಡ ಅಕ್ಷರಕ್ಕೆ ಅವುಗಳಲ್ಲಿ ಸ್ವಂತ ಸಂಕೇತವಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತವನ್ನೇ ಇಟ್ಟು, ಫಾಂಟಿನಲ್ಲಿ ಕನ್ನಡದ ಚಿತ್ರ ಹಚ್ಚುತ್ತಿದ್ದರು. ಆ ಫಾಂಟು ಇರುವ ಯಂತ್ರದಲ್ಲಿ ಮಾತ್ರ ಅದು ಕನ್ನಡ. ಇಲ್ಲದಲ್ಲಿ ತಲೆಬುಡವಿಲ್ಲದ ರೋಮನ್ ಅಕ್ಷರಗಳ ಸಾಲು. ಹೀಗಾಗಿ ನಮ್ಮ ಕನ್ನಡ ಕಡತಗಳು ಒಂದೊಂದು ಫಾಂಟಿಗೆ, ಅದರ ಮೂಲಕ ಒಂದೇ ಕಾರ್ಯಾಚರಣ ವ್ಯವಸ್ಥೆಗೆ ಕಟ್ಟಿಹಾಕಿದಂತಾದವು. ಲಿನಕ್ಸ್ ಸಾಮಾನ್ಯರಿಗೆ ಕಷ್ಟ ಎಂಬ ಮಾತು ನಮ್ಮ ಕಡೆ ಹಬ್ಬಿದ್ದಕ್ಕೆ ಮೊದಲ ಕಾರಣ ಇದೇ ಎಂದು ನಾನು ಹೇಳುತ್ತೇನೆ. ನಿನ್ನೆ ಬರೆದ ಪತ್ರ ಇವತ್ತು ಓದಲು ಬರದಿದ್ದರೆ ಅಂಥ ಯಂತ್ರ ಯಾರಿಗೆ ಬೇಕು?

ಲಿನಕ್ಸಿನ ಬೇರು ಮಾತ್ರ ಇದಕ್ಕಿಂತ ಹಳೆಯದು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಲ್ಲರಿಗೂ ಸೇರಿದ ಒಂದು ಕಾರ್ಯಾಚರಣ ವ್ಯವಸ್ಥೆ ಕಟ್ಟುವುದಾಗಿ ಸಾರಿದರು. 1991ರ ಆಗಸ್ಟಿನಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾವೂ ಅಂಥದೊಂದನ್ನು ಬರೆಯುತ್ತಿರುವುದಾಗಿ ಪ್ರಕಟಿಸಿದರು; ಅದೇ ಮುಂದೆ ಈ ಮುಕ್ತ ವ್ಯವಸ್ಥೆಯ ತಿರುಳಾದ (ಕರ್ನೆಲ್) ಲಿನಕ್ಸ್ ಆಯಿತು. ಹೆಚ್ಚು ಕಡಿಮೆ ಅದೇ ಹೊತ್ತಿಗೆ, ಬೇರೆ ಬೇರೆ ಲಿಪಿಗಳಿಗೆ ಸಂಕೇತ ಕೊಡುವ ಯೂನಿಕೋಡ್ ಎಂಬ ಶಿಷ್ಟತೆಯ ಮೊದಲ ಆವೃತ್ತಿ ಬಂತು. ಅದರಲ್ಲಿ ಕನ್ನಡದ ವರ್ಣಮಾಲೆಗೆ ಸ್ವಂತ ಸಂಕೇತಗಳು ಸಿಕ್ಕವು. 1996ರಲ್ಲಿ ಕೆಡಿಇ, 1997ರಲ್ಲಿ ಗ್ನೋಮ್ ಶುರುವಾಗಿ ಲಿನಕ್ಸಿಗೆ ಮೌಸ್ ಒತ್ತಿ ನಡೆಸುವ ಮುಖ ಬಂತು. ಇಷ್ಟಾದರೂ ಕನ್ನಡಕ್ಕೆ ಹಾದಿ ಸುಗಮವಾಗಲಿಲ್ಲ. ಸಂಕೇತ ಇದ್ದ ಮಾತ್ರಕ್ಕೆ ಕನ್ನಡ ಪರದೆಯ ಮೇಲೆ ಕೂರುವುದಿಲ್ಲ.

‘ಯಾದಗಿರಿ’ ಎಂಬ ಹೆಸರನ್ನೇ ನೋಡಿ. ಗಕಾರಕ್ಕೆ ಗುಡಿಸು ಕೊಟ್ಟಾಗ ಗಕಾರದ ತಲೆಕಟ್ಟು ಹೋಗಬೇಕು, ಆ ಜಾಗದಲ್ಲಿ ಗುಡಿಸು ಬೆಸೆಯಬೇಕು. ನಮ್ಮ ತಾಲ್ಲೂಕುಗಳಿಗೆ ನೀರು ಕೊಡುವ ‘ಕೃಷ್ಣಾ’ ನದಿಯ ಹೆಸರಿನಲ್ಲಿ ಣಕಾರ ಷಕಾರದ ಕೆಳಗೆ ಇಳಿಯಬೇಕು, ದೀರ್ಘ ಮಾತ್ರ ಮೇಲೆ ಉಳಿಯಬೇಕು. ಇಂಗ್ಲಿಷಿನಂತೆ ಒಂದರ ಪಕ್ಕ ಒಂದನ್ನು ಜೋಡಿಸುತ್ತ ಹೋಗುವ ಯಂತ್ರಕ್ಕೆ ಇದು ತಿಳಿಯದು. ನಾನು ಮೊದಲು ನೋಡಿದ ಲಿನಕ್ಸ್ ಪರದೆಗಳಲ್ಲಿ ಒತ್ತಕ್ಷರಗಳು ಸಾಲಿನಿಂದ ಎದ್ದು ಪಕ್ಕದಲ್ಲಿ ನಿಂತಿದ್ದವು, ಗುಡಿಸು ಎಲ್ಲೋ ತೇಲುತ್ತಿತ್ತು. ಮಕ್ಕಳಿಗೆ ಕಾಗುಣಿತ ತಿದ್ದುವ ಕೈಗೆ ಅದನ್ನು ನೋಡಿ ಸಂಕಟವಾಗುತ್ತಿತ್ತು.

ಇದನ್ನು ಸರಿಪಡಿಸಿದವರ ಕೆಲಸ ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಇನ್ನೂ ಸೇರಿಲ್ಲ. ಅಕ್ಷರ ಜೋಡಣೆಯ ನಿಯಮವನ್ನು ಪ್ಯಾಂಗೊ, ಮುಂದೆ ಹಾರ್ಫ್‌ಬಜ್ ಎಂಬ ತಂತ್ರಾಂಶಗಳೊಳಗೆ ಅಳವಡಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಕೇದಗೆ, ಮಲ್ಲಿಗೆ ಎಂಬ ಫಾಂಟುಗಳು ಮುಕ್ತ ಪರವಾನಗಿಯಲ್ಲಿ ಬಂದವು. ರೆಡ್ ಹ್ಯಾಟ್ ಸಂಸ್ಥೆ ಲೋಹಿತ್ ಫಾಂಟುಗಳನ್ನು ಕೊಟ್ಟಿತು. ಅರವಿಂದ ವಿ.ಕೆ. ಅವರು ಗುಬ್ಬಿ, ನವಿಲು ಫಾಂಟುಗಳನ್ನು ರೂಪಿಸಿ ಎಲ್ಲರಿಗೂ ಬಿಟ್ಟುಕೊಟ್ಟರು. ಗ್ನೋಮಿನ ಸಾವಿರಾರು ಸಾಲುಗಳನ್ನು ಕನ್ನಡಕ್ಕೆ ತಂದವರಲ್ಲಿ ಶಂಕರ್ ಪ್ರಸಾದ್ ಮುಖ್ಯರು. ಹರಿಪ್ರಸಾದ್ ನಾಡಿಗರು, ಅವರ ಜತೆಗಾರರು ಕನ್ನಡಕ್ಕೆ ಈ ಕೆಲಸ ಬೇಕೆಂದು ಜನರನ್ನು ಕೂಡಿಸಿದರು. ಓಂಶಿವಪ್ರಕಾಶರು ‘ಲಿನಕ್ಸಾಯಣ’ ಎಂಬ ಬರಹಗಳಲ್ಲಿ ಲಿನಕ್ಸನ್ನು ತಿಳಿಗನ್ನಡದಲ್ಲಿ ವಿವರಿಸಿದರು. ಉಸ್ಮಾನಿಯಾದ ಅನುವಾದಕ್ಕೆ ಬೆನ್ನಿಗೆ ಒಂದು ರಾಜ್ಯದ ಖಜಾನೆ ಇತ್ತು. ಕನ್ನಡದ ಈ ಕೆಲಸದಲ್ಲಿ ಒಂದು ಪಾಲು ನೌಕರಿ ಮುಗಿಸಿ ಮನೆಗೆ ಬಂದವರು ರಾತ್ರಿ ಕೂತು ಮಾಡಿದ ಸ್ವಯಂಸೇವೆ.

ಕೀಲಿಮಣೆಯ ಕತೆ ನನಗೆ ಇನ್ನೂ ಹೆಮ್ಮೆಯದು. ಕೆ.ಪಿ. ರಾವ್ ಅವರು ಕನ್ನಡದ ವರ್ಣಮಾಲೆಗೆ ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಒಂದು ಸರಳ ವಿನ್ಯಾಸ ಕೊಟ್ಟು, ಅದನ್ನು ತಮ್ಮ ಸೇಡಿಯಾಪು ತಂತ್ರಾಂಶದ ಮೂಲಕ ಪುಕ್ಕಟೆ ಹಂಚಿದವರು. ಎರಡು ವ್ಯಂಜನಗಳ ನಡುವೆ ಎಫ್ ಒತ್ತಿದರೆ ಒತ್ತಕ್ಷರ. ರಾಜ್ಯ ಸರ್ಕಾರ ಒಪ್ಪಿದ್ದೂ, ನುಡಿಯಲ್ಲಿ ಬಂದದ್ದೂ ಇದೇ. ಇವತ್ತು ಯಾವ ಲಿನಕ್ಸ್ ಯಂತ್ರ ತೆರೆದರೂ ಕೀಲಿಮಣೆಗಳ ಪಟ್ಟಿಯಲ್ಲಿ ‘ಕಗಪ’ (ಕನ್ನಡ ಗಣಕ ಪರಿಷತ್ತು) ಎಂಬ ಹೆಸರಲ್ಲಿ ಈ ವಿನ್ಯಾಸ ಸಿಗುತ್ತದೆ. ಕನ್ನಡಕ್ಕೆ ಮಾತ್ರವಲ್ಲ, ತೆಲುಗು, ಹಿಂದಿ, ಮರಾಠಿ, ಸಂಸ್ಕೃತಕ್ಕೂ ಅದೇ ಹೆಸರಿನ ವಿನ್ಯಾಸಗಳಿವೆ. ನುಡಿಯಲ್ಲಿ ಕೈ ಪಳಗಿದ ನಮ್ಮ ಸುರಪುರದ ಟೈಪಿಂಗ್ ಹುಡುಗಿ ಲಿನಕ್ಸಿಗೆ ಬಂದರೆ ಬೆರಳಿಗೆ ಹೊಸ ಪಾಠ ಬೇಡ. ಈ ಒಂದು ಸಂಗತಿ ಗೊತ್ತಿಲ್ಲದೆ ಎಷ್ಟು ಜನ ಹಿಂಜರಿದರೋ!

ಸಾಮಾನ್ಯರಿಗೆಂದೇ ಲಿನಕ್ಸ್ ಯಂತ್ರ ಮಾಡುವ ಕನಸನ್ನು ಬೆಂಗಳೂರು ಬೇಗನೇ ಕಂಡಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್ ಮುಂತಾದವರು ಸೇರಿ 1990ರ ದಶಕದ ಕೊನೆಯಲ್ಲಿ ರೂಪಿಸಿದ ಸಿಂಪ್ಯೂಟರ್ ಅಂಗೈಯಲ್ಲಿ ಹಿಡಿಯುವ ಲಿನಕ್ಸ್ ಗಣಕ. ಓದು ಬರದವರಿಗೂ ಆಗಲೆಂದು ಭಾರತೀಯ ಭಾಷೆಗಳಲ್ಲಿ ಮಾತಾಡುವಂತೆ ಮಾಡಿದ್ದರು. 2004ರಲ್ಲಿ ಮಾರುಕಟ್ಟೆಗೆ ಬಂದರೂ ಅದು ಹಳ್ಳಿಗಳವರೆಗೆ ಹರಿದು ಬರಲಿಲ್ಲ. 2007ರಲ್ಲಿ ಚೆನ್ನೈನ ಸಿ-ಡ್ಯಾಕ್ ಎಂಬ ಸರ್ಕಾರಿ ಸಂಸ್ಥೆ ‘ಬಾಸ್’ ಎಂಬ ಲಿನಕ್ಸನ್ನು ಭಾರತೀಯ ಭಾಷೆಗಳೊಡನೆ ಹೊರತಂದಿತು. ಹೆಸರು ಕೇಳಿದವರು ನಮ್ಮಲ್ಲಿ ಇದ್ದರು, ಹಾಕಿ ತೋರಿಸುವವರು ಇರಲಿಲ್ಲ.

ತಮ್ಮನ ಅಂಗಡಿಗೆ ಲಿನಕ್ಸ್ ಬಂದದ್ದು ಅಂಚೆಯಲ್ಲಿ. 2004ರ ಅಕ್ಟೋಬರಿನಲ್ಲಿ ಶುರುವಾದ ಉಬುಂಟು ಎಂಬ ಲಿನಕ್ಸ್, ಕೇಳಿದವರಿಗೆ ಕಡಲಾಚೆಯಿಂದ ಪುಕ್ಕಟೆ ಸಿಡಿ ಕಳಿಸುತ್ತಿತ್ತು. 2011ರವರೆಗೂ ಆ ಪರಿಪಾಠ ನಡೆಯಿತು. ಆ ಲಕೋಟೆ ನೋಡಿ ತಮ್ಮ, “ಅಕ್ಕಾ, ಇದಕ್ಕ ರೊಕ್ಕ ಇಲ್ಲ, ಕಳವೂ ಅಲ್ಲ” ಎಂದ. ಅವನ ಮುಖದಲ್ಲಿ ಕಂಡ ನಿರಾಳ ನನಗೆ ಇನ್ನೂ ನೆನಪಿದೆ. ಯಂತ್ರದಲ್ಲಿ ಏನೂ ಅಳಿಸದೆ ಸಿಡಿಯಿಂದಲೇ ನಡೆಸಿ ನೋಡುವ ಅನುಕೂಲ ಅದರಲ್ಲಿತ್ತು. ಹೆದರುವ ಹೊಸಬರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇರೆ ಇಲ್ಲ.

ಧೈರ್ಯ ಬಂದ ಮೇಲೆ ತೊಡಕುಗಳು ಒಂದೊಂದೇ ಎದುರಾದವು. ಆಗಿನ ಅಗ್ಗದ ಮೋಡೆಮ್‌ಗಳು ಅರ್ಧ ಕೆಲಸವನ್ನು ವಿಂಡೋಸಿನ ಮೇಲೆ ಹೊರಿಸುತ್ತಿದ್ದವು; ಲಿನಕ್ಸಿನಲ್ಲಿ ಅವು ಏಳುತ್ತಲೇ ಇರಲಿಲ್ಲ. ಎಂಪಿತ್ರೀ ಹಾಡು ಕೇಳಲು ಬೇಕಾದ ಭಾಗವನ್ನು ಪೇಟೆಂಟಿನ ಕಾರಣಕ್ಕೆ ಸಿಡಿಯಲ್ಲಿ ಇಡುತ್ತಿರಲಿಲ್ಲ, ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಬೇಕಿತ್ತು. ಇಂಟರ್‌ನೆಟ್ಟಿಗೆ ಮೋಡೆಮ್ ಬೇಕು, ಮೋಡೆಮ್ ಏಳುವುದಿಲ್ಲ. ಅಂಗಡಿಗೆ ಬಂದ ಹುಡುಗರು, “ಇದರಾಗ ಹಾಡೇ ಹತ್ತಂಗಿಲ್ಲಲ್ರಿ” ಎಂದು ಎದ್ದು ಹೋಗುತ್ತಿದ್ದರು. ನಮ್ಮ ಕಡೆ ಹೆಚ್ಚು ಓಡುತ್ತಿದ್ದ ಲೇಸರ್ ಪ್ರಿಂಟರಿಗೆ ಲಿನಕ್ಸಿನಲ್ಲಿ ಚಾಲಕ ತಂತ್ರಾಂಶ ಹೊಂದಿಸುವುದೇ ಒಂದು ಹರಸಾಹಸ. ಪುಟ ವಿನ್ಯಾಸದ್ದು ಎಲ್ಲಕ್ಕಿಂತ ದೊಡ್ಡ ತೊಡಕು. ಪೇಜ್‌ಮೇಕರಿಗೆ ಬದಲಾಗಿ ಸ್ಕ್ರೈಬಸ್ ಎಂಬ ಮುಕ್ತ ತಂತ್ರಾಂಶವಿತ್ತು, ಆದರೆ ಅದಕ್ಕೆ ಕನ್ನಡದ ಒತ್ತಕ್ಷರ ಕೂಡಿಸಲು ಬರುತ್ತಿರಲಿಲ್ಲ. 2017ರಲ್ಲಿ ಬಂದ 1.5.3 ಆವೃತ್ತಿಯಲ್ಲಿ ಆ ಶಕ್ತಿ ಬಂತು. ಅಷ್ಟು ವರ್ಷ ಹೊಟ್ಟೆಪಾಡಿನ ಕೆಲಸವನ್ನು ನಿಲ್ಲಿಸಿ ಕಾಯುವುದು ಯಾವ ಡಿಟಿಪಿಯವನಿಗೂ ಆಗದ ಮಾತು. ತಮ್ಮ ಲಿನಕ್ಸನ್ನು ಇನ್ನೊಂದು ಹಳೆಯ ಯಂತ್ರದಲ್ಲಿ ಇಟ್ಟುಕೊಂಡ. ಅರ್ಜಿ ಬರೆಯಲು, ಗಿರಾಕಿಗಳ ವೈರಸ್ ಹತ್ತಿದ ಪೆನ್‌ಡ್ರೈವ್ ತೆರೆಯಲು ಅದೇ ಯಂತ್ರ. ಜನ ಲಿನಕ್ಸ್ ಒಲ್ಲೆನ್ನುತ್ತಾರೆ ಎಂದು ದೂರುವವರು ಈ ಲೆಕ್ಕವನ್ನು ಮೊದಲು ತಿಳಿಯಬೇಕು.

ಶಾಲೆಯ ಕತೆ ಬೇರೆ. 2000ದ ದಶಕದ ಆರಂಭದಲ್ಲಿ ಮಾಹಿತಿ ಸಿಂಧು ಯೋಜನೆಯಲ್ಲಿ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಗಳು ಬಂದವು. ನಡೆಸುವ ಹೊಣೆ ಖಾಸಗಿ ಕಂಪನಿಗಳದ್ದು. ಅವರೇ ಯಂತ್ರ ತರುತ್ತಿದ್ದರು, ಅವರೇ ಕಲಿಸುವವರನ್ನು ಇಡುತ್ತಿದ್ದರು. ನಾವು ಶಿಕ್ಷಕರು ಚಪ್ಪಲಿ ಹೊರಗೆ ಬಿಟ್ಟು ಆ ಕೋಣೆಯೊಳಗೆ ಅತಿಥಿಗಳಂತೆ ಹೋಗಿ ಬರುತ್ತಿದ್ದೆವು. ಒಪ್ಪಂದ ಮುಗಿದಾಗ ಕಲಿಸುವವರು ಹೋದರು, ವಿದ್ಯೆಯೂ ಅವರ ಜತೆ ಹೋಯಿತು. ಕೋಣೆಗೆ ಬೀಗ ಬಿತ್ತು.

ನೆರೆಯ ಕೇರಳ ಬೇರೆ ಹಾದಿ ಹಿಡಿಯಿತು. 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ ಕೆಲವೇ ವರ್ಷಗಳಲ್ಲಿ ಪೂರ್ತಿ ಲಿನಕ್ಸಿಗೆ ಬಂತು. ಗಣಿತ, ಭಾಷೆ, ವಿಜ್ಞಾನ ಕಲಿಸುವ ಶಿಕ್ಷಕರನ್ನೇ ತಯಾರು ಮಾಡಿ, ಅವರಿಂದ ಉಳಿದ ಶಿಕ್ಷಕರಿಗೆ ಕಲಿಸಿದರು. ಹತ್ತನೆಯ ತರಗತಿಯ ಮಕ್ಕಳು ಲಿನಕ್ಸಿನ ಮೇಲೆಯೇ ಐಟಿ ಪರೀಕ್ಷೆ ಬರೆದರು. ಮಲಯಾಳಿ ಮಕ್ಕಳ ಬುದ್ಧಿಯೇನೂ ನಮ್ಮ ಮಕ್ಕಳಿಗಿಂತ ಬೇರೆಯಲ್ಲ. ಅಲ್ಲಿ ಹೊಣೆ ಶಿಕ್ಷಕರ ಕೈಯಲ್ಲಿತ್ತು, ಅಷ್ಟೇ.

ಕರ್ನಾಟಕದಲ್ಲಿ ಆ ಗಾಳಿ ಬೀಸಿದ್ದು 2011ರಲ್ಲಿ. ಶಿಕ್ಷಣ ಇಲಾಖೆಯೊಡನೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ‘ವಿಷಯ ಶಿಕ್ಷಕರ ವೇದಿಕೆ’ ಆರಂಭಿಸಿತು. ಪ್ರೌಢಶಾಲೆಯ ಗಣಿತ, ವಿಜ್ಞಾನ ಶಿಕ್ಷಕರಿಗೆ ಮೊದಲು, ಆಮೇಲೆ ಬೇರೆ ವಿಷಯದವರಿಗೆ ತರಬೇತಿ. ಯಂತ್ರಗಳಲ್ಲಿ ಉಬುಂಟು. ನಮ್ಮ ಯಾದಗಿರಿ ಆಗಷ್ಟೇ, 2010ರಲ್ಲಿ, ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯಾಗಿತ್ತು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇಕಡ 51.83, ರಾಜ್ಯದಲ್ಲೇ ಕಡಿಮೆ. ಅಂಥ ಜಿಲ್ಲೆಯ ಶಿಕ್ಷಕರಾದ ನಾವು ಕೀಲಿಮಣೆಯ ಮುಂದೆ ಕೂತು, ನಮ್ಮ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿ, ಒಬ್ಬರಿಗೊಬ್ಬರು ಮಿಂಚಂಚೆ ಕಳಿಸಿದೆವು. ತರಬೇತಿ ಮುಗಿದಾಗ ನಮ್ಮ ಕೈಯಲ್ಲಿ ಉಬುಂಟು ಇತ್ತು. ಯಾರ ಅಪ್ಪಣೆಯೂ ಬೇಡ, ಮನೆಯ ಯಂತ್ರಕ್ಕೆ ಹಾಕಬಹುದು, ಪಕ್ಕದ ಶಾಲೆಗೆ ಕೊಡಬಹುದು. ಮುಂದೆ ಶಿಕ್ಷಕರೇ ಬರೆದು ಕೂಡಿಸುವ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವೂ ಇದೇ ಕೆಲಸದಿಂದ ಬೆಳೆಯಿತು.

ಆ ಉಬುಂಟುವಿನಲ್ಲಿದ್ದ ಜಿಯೋಜಿಬ್ರಾ ಎಂಬ ತಂತ್ರಾಂಶ ನನ್ನ ಗಣಿತ ಪಾಠವನ್ನು ಬದಲಿಸಿತು. ತ್ರಿಭುಜದ ಒಂದು ಶೃಂಗವನ್ನು ಮೌಸಿನಿಂದ ಎಳೆದರೆ ಕೋನಗಳ ಅಳತೆ ಬದಲಾಗುತ್ತದೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ಹಲಗೆಯ ಮೇಲೆ ಎಷ್ಟು ಸಲ ಬರೆದು ತೋರಿಸಿದರೂ ನಂಬದವರಂತೆ ನೋಡುತ್ತಿದ್ದ ಒಬ್ಬ ಹುಡುಗಿ ತಾನೇ ಎಳೆದು ನೋಡಿ, “ಟೀಚರ್, ಹ್ಯಾಂಗ ಎಳದ್ರೂ ಅಷ್ಟೇ ಬರ್ತದ್ರಿ!” ಎಂದು ಕೂಗಿದಳು. ಆಕೆಯ ತಂದೆತಾಯಿ ಪ್ರತಿ ವರ್ಷ ಬೆಂಗಳೂರಿಗೆ ಗುಳೆ ಹೋಗುವವರು. ನಡುವೆ ತಿಂಗಳುಗಟ್ಟಲೆ ಶಾಲೆ ತಪ್ಪುತ್ತಿತ್ತು. ಮೆನುಗಳು ಕನ್ನಡದಲ್ಲಿ ಇದ್ದುದರಿಂದ ಮರಳಿ ಬಂದಾಗ ಆಕೆ ಯಾರನ್ನೂ ಕೇಳದೆ ಕೆಲಸ ಮುಂದುವರಿಸುತ್ತಿದ್ದಳು. ಕಂಪ್ಯೂಟರ್ ಕಲಿಯಲು ಮೊದಲು ಇಂಗ್ಲಿಷ್ ಬರಬೇಕು ಎಂದು ಹೇಳುವವರಿಗೆ ನಾನು ಆ ಹುಡುಗಿಯ ಉದಾಹರಣೆ ಕೊಡುತ್ತೇನೆ.

ಕಣ್ಣು ಕಾಣದ ಮಕ್ಕಳ ವಿಷಯವನ್ನೂ ಇಲ್ಲಿ ಹೇಳಬೇಕು. ಪರದೆಯನ್ನು ಓದಿ ಹೇಳುವ ತಂತ್ರಾಂಶಗಳು ಹಿಂದೆ ಬಡವರು ಮುಟ್ಟಲಾರದ ಬೆಲೆಯವು. 2006ರ ಹೊತ್ತಿಗೆ ಗ್ನೋಮಿನ ಜತೆಗೇ ಓರ್ಕಾ ಎಂಬ ಓದುಗ ಬಂತು, ಕನ್ನಡವನ್ನೂ ನುಡಿಯುವ ಇಸ್ಪೀಕ್ ಎಂಬ ಮುಕ್ತ ಧ್ವನಿ ತಂತ್ರಾಂಶ ಅದಕ್ಕೆ ಜೊತೆಯಾಯಿತು. ಧ್ವನಿ ಒರಟು, ಆದರೂ ಅರ್ಥವಾಗುತ್ತದೆ, ಮೇಲಾಗಿ ಪುಕ್ಕಟೆ.

ಫಾಂಟಿಗೆ ಕಟ್ಟುಬಿದ್ದಿದ್ದ ಹಳೆಯ ಕಡತಗಳ ಗಂಟೂ ನಿಧಾನವಾಗಿ ಬಿಚ್ಚಿತು. 2012ರಲ್ಲಿ ರಾಜ್ಯ ಸರ್ಕಾರ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿತು. ನುಡಿ, ಬರಹದ ಹಳೆಯ ಪಠ್ಯವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಅರವಿಂದ ವಿ.ಕೆ. ಅವರಂಥವರು ಮಾಡಿ ಎಲ್ಲರಿಗೂ ಕೊಟ್ಟರು. ಹೀಗೆ ತಿರುಗಿಸಿಕೊಂಡ ಪ್ರಶ್ನೆಪತ್ರಿಕೆಗಳು, ಪತ್ರಗಳು ಯಾವ ಯಂತ್ರದಲ್ಲಿ ತೆರೆದರೂ ಕನ್ನಡವಾಗಿಯೇ ಕಾಣತೊಡಗಿದವು. 2014ರ ಏಪ್ರಿಲ್ 8ಕ್ಕೆ ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತಾಗ, ಮೂಲೆ ಸೇರಬೇಕಿದ್ದ ಹಳೆಯ ಯಂತ್ರಗಳಲ್ಲಿ ನಮ್ಮ ಕೆಲವು ಶಿಕ್ಷಕರು ಹಗುರವಾದ ಲಿನಕ್ಸ್ ಹಾಕಿ ಇನ್ನೂ ಕೆಲವು ವರ್ಷ ನಡೆಸಿದರು. 2015ರಲ್ಲಿ ಕೇಂದ್ರ ಸರ್ಕಾರ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿಯನ್ನೂ ಪ್ರಕಟಿಸಿತು. ಮುಂಬೈ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಲಿನಕ್ಸ್, ಲಿಬ್ರೆ ಆಫೀಸ್ ಪಾಠಗಳನ್ನು ಕನ್ನಡದ ದನಿಯಲ್ಲೂ ಕೊಟ್ಟಿತು.

ಆದರೂ ಲಿನಕ್ಸ್ ನಮ್ಮ ಊರುಗಳಲ್ಲಿ ಬೇರು ಬಿಟ್ಟಿದೆ ಎನ್ನಲಾರೆ. ತರಬೇತಿ ಪಡೆದ ಶಿಕ್ಷಕರು ವರ್ಗವಾಗಿ ಹೋದಲ್ಲಿ ಉಬುಂಟುವೂ ಹೋಯಿತು. ನೌಕರಿಯ ಜಾಹೀರಾತುಗಳು ವರ್ಡ್, ಎಕ್ಸೆಲ್ ಎಂದು ಹೆಸರು ಹಿಡಿದೇ ಕೇಳುತ್ತವೆ. ಕಂಪ್ಯೂಟರ್ ತರಗತಿಗಳು ಅದನ್ನೇ ಕಲಿಸುತ್ತವೆ. ಕೆಟ್ಟ ಯಂತ್ರ ಹೊತ್ತುಕೊಂಡು ಹೋದರೆ ರಿಪೇರಿ ಅಂಗಡಿಯವನು ಲಿನಕ್ಸ್ ಅಳಿಸಿ ವಿಂಡೋಸ್ ಹಾಕಿ ಕೊಡುತ್ತಾನೆ, ಅವನಿಗೆ ಬರುವುದು ಅಷ್ಟೇ. ಇವೆಲ್ಲವನ್ನೂ ಜೋಡಿಸಿ ನೋಡಿದರೆ ಕಾಣುವುದು ಒಂದೇ: ಕನ್ನಡದ ಅಕ್ಷರ ಸರಿಯಾಯಿತು, ಕೀಲಿಮಣೆ ಬಂತು, ಮೆನು ಕನ್ನಡವಾಯಿತು, ಬೆಲೆ ಇಲ್ಲ. ಊರಲ್ಲಿ ಬಲ್ಲವರೊಬ್ಬರು ಮಾತ್ರ ಇಲ್ಲ.

ಸಾಮಾನ್ಯರಿಗೆ ಲಿನಕ್ಸ್ ಆಗದು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಶಹಾಪುರದ ಹತ್ತಿ ಹೊಲದಲ್ಲಿ ದುಡಿಯುವವರ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳು ಅದೇ ಲಿನಕ್ಸ್. ಡೆಸ್ಕ್‌ಟಾಪಿನಲ್ಲಿ ಕನ್ನಡದ ಒತ್ತಕ್ಷರ ಕೂಡಿಸುವ ಹಾರ್ಫ್‌ಬಜ್ ಆ ಫೋನಿನಲ್ಲೂ ಅದೇ ಕೆಲಸ ಮಾಡುತ್ತದೆ. ಶಾಲೆಗೆ ಹೋಗದ ಅಜ್ಜಿಯೂ ಮೊಮ್ಮಗನಿಗೆ ಫೋಟೊ ಕಳಿಸುತ್ತಾಳೆ. ಫೋನು ಸುಲಭವಾದದ್ದು, ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದರಿಂದ ಮತ್ತು ಮನೆಯಲ್ಲಿ ತೋರಿಸಿಕೊಡುವ ಒಬ್ಬರು ಇರುವುದರಿಂದ. ಡೆಸ್ಕ್‌ಟಾಪಿಗೆ ಬೇಕಿರುವುದೂ ಇವೆರಡೇ.

ಈಗ ಮತ್ತೊಂದು ಅವಕಾಶ ಬಂದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬೆಂಬಲ ಮುಗಿಯಿತು. ಅದರ ಮುಂದಿನ ಆವೃತ್ತಿಯನ್ನು ನಡೆಸಲಾಗದ ಎಷ್ಟೋ ಯಂತ್ರಗಳು ನಮ್ಮ ಶಾಲೆ, ಕಾಲೇಜು, ಅಂಗಡಿಗಳಲ್ಲಿವೆ. 4 ಜಿಬಿ ಮೆಮೊರಿ ಇರುವ ಯಂತ್ರದಲ್ಲಿ ಲಿನಕ್ಸ್ ಮಿಂಟ್ ನೆಮ್ಮದಿಯಾಗಿ ಓಡುತ್ತದೆ. ಆ ಯಂತ್ರಗಳನ್ನು ಗುಜರಿಗೆ ಹಾಕಬೇಡಿ ಎಂದು ಯಾದಗಿರಿ, ಶಹಾಪುರ, ಸುರಪುರದ ಮುಖ್ಯೋಪಾಧ್ಯಾಯರನ್ನು ಕೈಮುಗಿದು ಕೇಳುತ್ತೇನೆ. ಒಂದು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು, ಏನೂ ಅಳಿಸದೆ, ಮೊದಲು ನಡೆಸಿ ನೋಡಿ. ಭಾಷೆ ಕನ್ನಡ ಮಾಡಿ, ಕೀಲಿಮಣೆಯಲ್ಲಿ ಕಗಪ ಆರಿಸಿ. ಡಿಟಿಪಿ ಗೆಳೆಯರೇ, ಇನ್ನು ಮುಂದೆ ಬರೆಯುವುದನ್ನೆಲ್ಲ ಯೂನಿಕೋಡಿನಲ್ಲೇ ಬರೆಯಿರಿ. ಯಂತ್ರ ಯಾವುದಿದ್ದರೂ ನಿಮ್ಮ ಕೆಲಸ ಉಳಿಯುತ್ತದೆ. ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳನ್ನು ನೋಡಿಕೊಳ್ಳುವವರೇ, ನಿಮ್ಮಲ್ಲಿರುವ ಒಂದು ಗಣಕವನ್ನಾದರೂ ಮಕ್ಕಳಿಗೆ ಹೀಗೆ ತೆರೆದಿಡಿ. ಇಂಜಿನಿಯರಿಂಗ್ ಓದಲು ಬೆಂಗಳೂರಿಗೆ, ಕಲಬುರಗಿಗೆ ಹೋಗಿರುವ ನಮ್ಮೂರ ಮಕ್ಕಳೇ, ಹಬ್ಬಕ್ಕೆ ಬಂದಾಗ ನೀವು ಓದಿದ ಶಾಲೆಗೆ ಹೋಗಿ ಒಂದು ಯಂತ್ರ ಸಿದ್ಧ ಮಾಡಿ, ಅಲ್ಲಿಯ ಇಬ್ಬರು ಶಿಕ್ಷಕರಿಗೆ ಕಲಿಸಿ ಬನ್ನಿ. ಕನ್ನಡಕ್ಕೆ ಆಗಬೇಕಾದ ಕಠಿಣ ಕೆಲಸವನ್ನು ಬೇರೆಯವರು ಮಾಡಿಟ್ಟಿದ್ದಾರೆ. ಉಳಿದದ್ದು ನಮ್ಮ ಊರಿನ ಕೆಲಸ, ಅದನ್ನು ನಾವೇ ಮಾಡಬೇಕು.